ನಿಮ್ಮ ಪತ್ರದಲ್ಲಿ ಯಜಮಾನರು ಎಲ್ಲಿದಾರೆ?

ಪ್ರಿಯ ತಂಗಿ,

ಪತ್ರ ಸಿಕ್ತು. ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಬರ್ದಿದೀರಿ, ಹಿಂದುಗಡೆ ಪೆನ್ಸಿಲಲ್ಲಿ ಏಳರ ಮಗ್ಗಿ ಇದೆ, ಏಳೆಂಟ್ಲೆ ಐವತ್ನಾಲ್ಕು ಅಂತ ಬರ್ದಿದ್ದಕ್ಕೆ ಟೀಚರು ಕೆಂಪು ಗೆರೆ ಎಳೆದಿದಾರೆ. ಹೆಸರು ಹಾಕ್ಬೇಡಿ ಅಂದಿದೀರಿ, ಹಾಕಲ್ಲ. ಓದೋರಿಗೆ ವಿಷಯ ಗೊತ್ತಾಗ್ಬೇಕಲ್ಲ, ಅಷ್ಟು ಹೇಳ್ತೀನಿ. ತವರು ಹುಬ್ಬಳ್ಳಿ ಕಡೆ, ಸಿಎಸ್‌ಐ ಅನ್ನೋ ಪ್ರಾಟೆಸ್ಟಂಟ್ ಚರ್ಚಿನ ಸಭೆಯವರು. ಮದುವೆ ಆಗಿದ್ದು ಉಡುಪಿ ಕಡೆಯ ಕ್ಯಾಥೊಲಿಕ್ ಮನೆಗೆ, ಈಗ ಬೊಂಬಾಯಿ ಹತ್ರದ ಮೀರಾ ರೋಡಲ್ಲಿ ಒನ್ ಬಿಎಚ್‌ಕೆ. ಎರಡು ಹೆಣ್ಣುಮಕ್ಕಳು, ಎರಡೂ ಸಿಸೇರಿಯನ್, ಎರಡನೇದರಲ್ಲಿ ರಕ್ತ ಹೋಗಿ ನಾಲ್ಕು ಬಾಟ್ಲಿ ಕೊಡಬೇಕಾಯ್ತು. ಡಾಕ್ಟರಮ್ಮ ಇನ್ನು ಸಾಕು, ಆಪರೇಷನ್ ಮಾಡಿಸ್ಕೊಳ್ಳಿ ಅಂದ್ರು. ಅತ್ತೆ ಇನ್ನೊಂದು ಗಂಡಾಗ್ಲಿ ಅಂತಿದಾರೆ, ಫಾದರ್ ಆಪರೇಷನ್ ಪಾಪ ಅಂದ್ರು, ನಿಮ್ಮಮ್ಮ "ನಮ್ಮ ಅಯ್ಯನೋರು ಇದನ್ನೆಲ್ಲ ಕೇಳೋದೇ ಇಲ್ಲ, ಸುಮ್ನೆ ಮಾಡಿಸ್ಕೋ" ಅಂತಾರೆ. ಮೂರನೇದು ಬೇಡ ಅನ್ನೋದು ದೇವರಿಗೆ ಎದುರು ಹೋದ ಹಾಗಾ, ಇದು ನಿಮ್ಮ ಪ್ರಶ್ನೆ.

ಮೊದಲು ಅಮ್ಮ ಮತ್ತು ಅತ್ತೆ ಜಗಳ. ಅದು ಅವರದ್ದಲ್ಲ, 1930ರದ್ದು. ಆ ವರ್ಷ, ನಿಮ್ಮಮ್ಮನ ಸಭೆಯ ಹಾಗೇ ಪೋಪನ್ನ ಒಪ್ಪದ ಆಂಗ್ಲಿಕನ್ ಚರ್ಚಿನ ಬಿಷಪ್ಪರು ಲ್ಯಾಂಬೆತ್ ಸಮ್ಮೇಳನದಲ್ಲಿ, ಸರಿಯಾದ ಕಾರಣ ಇದ್ರೆ ಗಂಡ ಹೆಂಡತಿ ಗರ್ಭನಿರೋಧಕ ಬಳಸ್ಬಹುದು ಅಂತ ಬಾಗಿಲು ಸ್ವಲ್ಪ ತೆಗೆದ್ರು, ಅದೇ ಡಿಸೆಂಬರ್ 31ಕ್ಕೆ ಪೋಪ್ ಹನ್ನೊಂದನೇ ಪಿಯುಸ್ ಕೂಡದು ಅಂತ ಇಡೀ ಕ್ಯಾಥೊಲಿಕ್ ಸಭೆಗೆ ವಿಶ್ವಪತ್ರ ಬರೆದ್ರು. ಆಮೇಲೆ ಪೋಪ್ ಆರನೇ ಪೌಲರು, 1964ರಲ್ಲಿ ನಮ್ಮ ಬೊಂಬಾಯಿಗೇ ಬಂದಿದ್ರಲ್ಲ, ಆಗಲೇ ರೋಮಲ್ಲಿ ಈ ವಿಷಯಕ್ಕೊಂದು ಆಯೋಗ ಕೂತಿತ್ತು. 1966ರಲ್ಲಿ ಆಯೋಗದ ಹೆಚ್ಚಿನವರು ನಿಯಮ ಬದಲಾಗ್ಲಿ ಅಂದ್ರು, ಆದ್ರೆ ಪೋಪ್ 1968ರ ಜುಲೈ 25ರ 'ಹ್ಯುಮಾನೆ ವಿಟೆ' ಅನ್ನೋ ವಿಶ್ವಪತ್ರದಲ್ಲಿ ಇಲ್ಲ ಅಂದ್ಬಿಟ್ರು. ಮಾತ್ರೆ, ನಿರೋಧ್, ಆಪರೇಷನ್ ಯಾವುದೂ ಬೇಡ. ಫಾದರ್ ನಿಮಗೆ ಸುಳ್ಳು ಹೇಳಿಲ್ಲ. ನಾನು ಕ್ಯಾಥೊಲಿಕ್ಕೇ, ಅದನ್ನ ನಿಮ್ಮಿಂದ ಮುಚ್ಚಿಟ್ಟು ಸಮಾಧಾನ ಹೇಳೋಕೆ ನನಗಾಗಲ್ಲ.

ಆದ್ರೆ ಅದೇ ಪತ್ರದ ಹತ್ತನೇ ಮತ್ತು ಹದಿನಾರನೇ ಪ್ಯಾರಾ ಯಾರೂ ಓದಿ ಹೇಳಲ್ಲ. ಆರೋಗ್ಯ, ಮನಸ್ಸಿನ ಸ್ಥಿತಿ, ದುಡ್ಡುಕಾಸು, ಸುತ್ತಲ ಪರಿಸ್ಥಿತಿ ನೋಡಿ ಸದ್ಯಕ್ಕೋ ಇನ್ನು ಮುಂದಕ್ಕೋ ಮಗು ಬೇಡ ಅಂತ ದಂಪತಿ ತೀರ್ಮಾನ ಮಾಡ್ಬಹುದು, ಗರ್ಭ ನಿಲ್ಲದ ದಿನಗಳನ್ನ ಲೆಕ್ಕ ಹಾಕಿ ನಡ್ಕೋಬಹುದು ಅಂತ ಅಲ್ಲೇ ಇದೆ. ಅಂದ್ರೆ ಬೇಡ ಅನ್ನೋದು ಪಾಪ ಅಲ್ಲ, ಸಭೆ ತಕರಾರು ತೆಗೆಯೋದು ದಾರಿ ಬಗ್ಗೆ. ಫಾದರ್ ಹೇಳಿದ್ದು ದಾರಿ ಬಗ್ಗೆ, ಅತ್ತೆ ಅದನ್ನ ಎಷ್ಟು ಮಕ್ಕಳು ಅನ್ನೋ ಲೆಕ್ಕದ ಬಗ್ಗೆ ಅಂತ ಕೇಳಿಸ್ಕೊಂಡ್ರು, ನೀವೂ ಹಾಗೇ ತಿಳ್ಕೊಂಡು ರಾತ್ರಿ ನಿದ್ದೆ ಬಿಟ್ಟಿದೀರಿ.

ಪೋಪ್ ಫ್ರಾನ್ಸಿಸ್ 2015ರ ಜನವರಿಯಲ್ಲಿ ಮನಿಲಾದಿಂದ ವಾಪಸ್ ಹೋಗ್ತಾ ವಿಮಾನದಲ್ಲಿ, ಒಳ್ಳೇ ಕ್ಯಾಥೊಲಿಕ್ ಆಗೋಕೆ ಮೊಲದ ಹಾಗೆ ಹೆರಬೇಕಿಲ್ಲ ಅಂದಿದ್ದು ಎಲ್ಲ ಪೇಪರಲ್ಲೂ ಬಂತು. ಅದೇ ಮಾತಲ್ಲಿ ಇನ್ನೊಂದು ಹೇಳಿದ್ರು: ಏಳು ಸಿಸೇರಿಯನ್ ಆಗಿ ಎಂಟನೇದಕ್ಕೆ ಬಸುರಿಯಾಗಿದ್ದ ಹೆಂಗಸಿಗೆ, ಏಳು ಮಕ್ಕಳನ್ನ ತಬ್ಬಲಿ ಮಾಡ್ತೀಯಾ, ಇದು ದೇವರನ್ನ ಪರೀಕ್ಷೆ ಮಾಡೋದು ಅಂತ ಬೈದಿದ್ರಂತೆ. ಸಿಸೇರಿಯನ್ ಜಾಸ್ತಿ ಆದಷ್ಟೂ ಹಳೇ ಗಾಯದ ಮೇಲೇ ಮಾಸು ಅಂಟ್ಕೊಂಡು ಬಿಡಿಸೋಕೆ ಬರದೇ ರಕ್ತ ಹೋಗೋ ಅಪಾಯ ಏರುತ್ತೆ. ನಿಮಗಂತೂ ಒಂದ್ಸಲ ರಕ್ತ ಹೋಗಿದೆ.

ಬೈಬಲ್ಲಿನ ಆದಿಕಾಂಡದಲ್ಲಿ ಹೆಚ್ಚಿರಿ, ಭೂಮಿಯಲ್ಲಿ ತುಂಬಿಕೊಳ್ಳಿ ಅಂತ ಇದೆಯಲ್ಲ ಅಂತ ಕೇಳಿದೀರಿ. ಇದೆ, ಬರೀ ಇಬ್ಬರೇ ಇದ್ದಾಗ ಕೊಟ್ಟ ಆಶೀರ್ವಾದ ಅದು. ಬೆಳಿಗ್ಗೆ ಎಂಟು ಇಪ್ಪತ್ತರ ವಿರಾರ್ ಲೋಕಲ್ ಹತ್ತಿ ನೋಡಿ, ತುಂಬೋ ಕೆಲಸ ಮುಗಿದಿದೆ ಅನ್ನಿಸುತ್ತೆ. ಗಂಡೇ ಬೇಕು ಅನ್ನೋ ಅತ್ತೆಗೆ ಬೈಬಲ್ಲಿನದೇ ಅರಣ್ಯಕಾಂಡದ 27ನೇ ಅಧ್ಯಾಯ ಓದಿ ಹೇಳಿ: ಗಂಡುಮಕ್ಕಳಿಲ್ಲದೆ ತೀರಿಹೋದ ಅಪ್ಪನ ಐದು ಹೆಣ್ಣುಮಕ್ಕಳು ಮೋಶೆ ಮುಂದೆ ನಿಂತು ಪಾಲು ಕೇಳ್ತಾರೆ, ದೇವರು ಅವರು ಕೇಳೋದು ಸರಿ ಅಂತಾನೆ.

ನಿಮ್ಮಮ್ಮನಿಗೆ ಖುಷಿ ಆಗೋ ಒಂದು ಸುದ್ದಿ: 1949ರಲ್ಲಿ ಇದೇ ಬೊಂಬಾಯಿಯಲ್ಲಿ ಫ್ಯಾಮಿಲಿ ಪ್ಲ್ಯಾನಿಂಗ್ ಅಸೋಸಿಯೇಷನ್ ಕಟ್ಟಿದ ಧನವಂತಿ ರಾಮರಾವ್ ಹುಟ್ಟಿದ್ದು ಹುಬ್ಬಳ್ಳಿಯಲ್ಲೇ.

ಈಗ ಅಸಲು ಮಾತಿಗೆ ಬರ್ತೀನಿ. ನಿಮ್ಮ ಪತ್ರ ಮೂರು ಸಲ ಓದಿದೆ. ಅತ್ತೆ ಮಾತಾಡ್ತಾರೆ, ಫಾದರ್, ಡಾಕ್ಟರು, ಅಮ್ಮ ಮಾತಾಡ್ತಾರೆ. ಯಜಮಾನರದ್ದು ಇಡೀ ಪತ್ರದಲ್ಲಿ ಒಂದೇ ಪದ, "ನಿನ್ನಿಷ್ಟ". ಪಾಪ ಇದ್ರೂ ನಿಮ್ಮ ಲೆಕ್ಕಕ್ಕೆ, ಹೊಟ್ಟೆ ಕೊಯ್ಯೋದಿದ್ರೂ ನಿಮ್ಮದೇ. ನಿಮ್ಮನೇಲಿ ಮಾತ್ರ ಹೀಗಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ ದಂಪತಿಗಳ ಲೆಕ್ಕದಲ್ಲಿ ಹೆಂಗಸರ ಆಪರೇಷನ್ 37.9 ಪರ್ಸೆಂಟ್, ಗಂಡಸರದ್ದು 0.3. ಗಂಡಸರದ್ದು ಹೊಲಿಗೆ ಇಲ್ದೆ ಕಾಲು ಗಂಟೆಯಲ್ಲಿ ಮುಗಿಯೋ ಕೆಲಸ, ಮೂರು ತಿಂಗಳು ಬೇರೆ ಮುನ್ನೆಚ್ಚರಿಕೆ ಇಟ್ಕೊಂಡು ಟೆಸ್ಟ್ ಮಾಡಿಸ್ಬೇಕು ಅಷ್ಟೆ. ಸಭೆ ಅದಕ್ಕೂ ಬೇಡ ಅನ್ನುತ್ತೆ, ನಿಜ, ಆದ್ರೆ ಸಭೆ ಒಪ್ಪೋ ದಿನದ ಲೆಕ್ಕ ಇದೆಯಲ್ಲ, ಅದಂತೂ ಗಂಡ ಜೊತೆ ನಿಲ್ಲದಿದ್ರೆ ಒಂದು ವಾರವೂ ನಡಿಯಲ್ಲ.

ನಾನೇನು ದೊಡ್ಡ ಮನುಷ್ಯ ಅಲ್ಲ ತಂಗಿ. 1991ರಲ್ಲಿ ನನ್ನ ಹೆಂಡತಿಗೆ ಆಪರೇಷನ್ ಆದಾಗ ಫಾರಂ ಮೇಲೆ ಸೈನ್ ಹಾಕಿ, ಅವಳ ಚಪ್ಪಲಿ ಪ್ಲಾಸ್ಟಿಕ್ ಚೀಲದಲ್ಲಿ ಮಂಚದ ಕೆಳಗಿಟ್ಟು ಆಫೀಸಿಗೆ ಹೋದೆ. ಆಮೇಲೆ ಅವಳು ಎರಡು ವರ್ಷ ಕನ್ಫೆಷನ್ನಿಗೆ ಹೋಗ್ಲಿಲ್ಲ, ನಾನು ಪ್ರತಿ ತಿಂಗಳೂ ಹೋಗ್ತಿದ್ದೆ. ಅದು ನನ್ನ ಪಾಪವೂ ಹೌದು ಅಂತ ನನಗೆ ಹೊಳೀಲೇ ಇಲ್ಲ.

ಹಾಗಾಗಿ ಆಪರೇಷನ್ ಮಾಡಿಸ್ಕೊಳ್ಳಿ ಅಥವಾ ಬೇಡ ಅಂತ ನಾನು ಹೇಳಲ್ಲ. ಮುಂದಿನ ಸಲ ಡಾಕ್ಟರಮ್ಮನ ಹತ್ರ ಯಜಮಾನರನ್ನ ಕರ್ಕೊಂಡೇ ಹೋಗಿ, ಹೊರಗೆ ಬೆಂಚಲ್ಲಿ ಮೊಬೈಲ್ ನೋಡ್ತಾ ಕೂರೋಕೆ ಬಿಡ್ಬೇಡಿ, ಅಪಾಯ ಎಷ್ಟು ಅಂತ ಡಾಕ್ಟರಮ್ಮನ ಬಾಯಿಂದಲೇ ಕೇಳಿಸಿ. ಫಾದರ್ ಹತ್ರಾನೂ ಇಬ್ಬರೂ ಹೋಗಿ, ಹತ್ತನೇ ಪ್ಯಾರಾ ಕೇಳಿ. ಅತ್ತೆಗೆ ಉತ್ತರ ಹೇಳೋ ಕೆಲಸ ಅವರ ಮಗನದ್ದು.

ಹಾಳೆ ಜೋಪಾನವಾಗಿಟ್ಟಿದೀನಿ, ಮಗ್ಗಿ ತಿದ್ದಿ ಟೀಚರಿಗೆ ತೋರಿಸ್ಬೇಕಿದ್ರೆ ಹೇಳಿ, ಕಳಿಸ್ತೀನಿ.

- ಸಂ.