ಕ್ಷಮಿಸಿದ ಮೇಲೆ ಮತ್ತೆ ಜಾಮೀನು ನಿಲ್ಲಲೇಬೇಕೆ?

ಸಲಹೆಗೆ ಬಂದವರು ನಲವತ್ತು ದಾಟಿದ ಉದ್ಯೋಗಸ್ಥ ಮಹಿಳೆ. (ಯಾರ ಗುರುತೂ ಸಿಗಬಾರದೆಂದು ಒಂದೇ ಬಗೆಯ ಕೆಲವು ಪ್ರಕರಣಗಳ ವಿವರಗಳನ್ನು ಇಲ್ಲಿ ಬೆರೆಸಲಾಗಿದೆ.) ತಮ್ಮನ ಎರಡು ಸಾಲಗಳಿಗೆ ಜಾಮೀನು ನಿಂತಿದ್ದರು. ಎರಡಕ್ಕೂ ಅವನು ಅರ್ಧದಲ್ಲೇ ಕಂತು ನಿಲ್ಲಿಸಿದ, ಬಾಕಿಯೆಲ್ಲ ಇವರ ಸಂಬಳದಿಂದ ಹೋಯಿತು. ಈಗ ಮೂರನೆಯ ಸಾಲಕ್ಕೆ ಸಹಿ ಕೇಳುತ್ತಿದ್ದಾನೆ. ಇವರು ಹಿಂಜರಿದಾಗ ಇವರ ಕ್ರೈಸ್ತ ಸಭೆಯ ಹಿರಿಯರೊಬ್ಬರು, "ಏಳೆಪ್ಪತ್ತು ಸಾರಿ ಕ್ಷಮಿಸು ಅಂತ ಕರ್ತನೇ ಹೇಳಿದ್ದಾನೆ, ನೀನು ಎರಡಕ್ಕೇ ಸಾಕು ಅಂತೀಯಲ್ಲ ತಾಯಿ" ಅಂದರು. ಅಂದಿನಿಂದ ನಿದ್ದೆ ಕೆಟ್ಟಿದೆ. ಫೋನಿನಲ್ಲಿ ತಮ್ಮನ ಹೆಸರು ಕಂಡರೆ ಕೈ ನಡುಗುತ್ತದೆ. ಮನಸ್ಸಿನಲ್ಲಿ ಸಿಟ್ಟಿರುವಾಗ ಯೋಗ್ಯತೆ ಇಲ್ಲವೆಂದು ಪ್ರಭುಭೋಜನವನ್ನೂ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ) ಬಿಟ್ಟಿದ್ದಾರೆ.

"ಸಹಿ ಹಾಕಲಿಲ್ಲ ಅಂದ್ರೆ ನಾನು ಕ್ಷಮಿಸಿಲ್ಲ ಅಂತಲೇ ಅಲ್ವಾ?" ಇದು ಅವರ ಪ್ರಶ್ನೆ.

ಅಲ್ಲ. ಹಿರಿಯರು ಹೇಳಿದ ಏಳೆಪ್ಪತ್ತು, ಅಂದರೆ ಏಳರ ಎಪ್ಪತ್ತರಷ್ಟು, ಶಿಷ್ಯ ಪೇತ್ರನ ಪ್ರಶ್ನೆಗೆ ಯೇಸು ಕೊಟ್ಟ ಉತ್ತರ (ಬೈಬಲಿನ ಮತ್ತಾಯ 18:21-22). ಪೇತ್ರ ಕೇಳಿದ್ದು ಎಷ್ಟು ಸಾರಿ ಕ್ಷಮಿಸಬೇಕು ಎಂದು. ಎಷ್ಟು ಸಾರಿ ನಂಬಿ ಕೊಡಬೇಕು ಎಂದಲ್ಲ. ಕ್ಷಮೆ ಆಗಿಹೋದ ತಪ್ಪಿಗೆ ಸಂಬಂಧಿಸಿದ್ದು, ಸಹಿ ಮುಂದಿನ ನಡತೆಗೆ ಸಂಬಂಧಿಸಿದ್ದು. ಜನರನ್ನು ಪ್ರಾಣ ಕೊಡುವಷ್ಟು ಪ್ರೀತಿಸಿದ ಯೇಸುವೇ ಕೆಲವರಿಗೆ ತನ್ನನ್ನು ಒಪ್ಪಿಸಿಕೊಡಲಿಲ್ಲ, ಅವರ ಮನಸ್ಸು ಅವನಿಗೆ ಗೊತ್ತಿತ್ತು ಎಂದು ಯೋಹಾನ 2:24 ಹೇಳುತ್ತದೆ. ಹಿರಿಯರು ಹೇಳಿದ ಮಾತಿಗೆ ಜೊತೆಯಾಗಿ ಓದಬೇಕಾದ ಲೂಕ 17:3ರಲ್ಲಿ ಕ್ಷಮೆಗಿಂತ ಮೊದಲು ಗದರಿಸು ಎಂಬ ಮಾತೂ ಇದೆ, ಪಶ್ಚಾತ್ತಾಪಪಟ್ಟರೆ ಎಂಬ ಮಾತೂ ಇದೆ. ಅವೆರಡನ್ನೂ ಬಿಟ್ಟು ಕೊನೆಯದನ್ನಷ್ಟೇ ನೊಂದವರ ಮೇಲೆ ಹೇರುವುದು ಸುವಾರ್ತೆಗೆ ಮಾಡುವ ಅನ್ಯಾಯ.

ಜಾಮೀನಿನ ಬಗ್ಗೆ ಧರ್ಮಗ್ರಂಥ ಸುಮ್ಮನಿಲ್ಲ. ಜ್ಞಾನೋಕ್ತಿ 6:1-5 ಜಾಮೀನು ನಿಂತವನಿಗೆ ನಿದ್ದೆ ಮಾಡದೆ ಹೋಗಿ ಬಿಡಿಸಿಕೋ ಎನ್ನುತ್ತದೆ. 22:27 ನಿನ್ನ ಹಾಸಿಗೆಯನ್ನೇ ಯಾಕೆ ಕಳೆದುಕೊಳ್ಳುತ್ತೀ ಎಂದು ಕೇಳುತ್ತದೆ. "ಆದರೆ ಕೇಳಿದವರಿಗೆಲ್ಲ ಕೊಡು ಅಂತಿದೆಯಲ್ಲ" ಎಂದು ಅವರು ಲೂಕ 6:30 ತೋರಿಸಿದರು. ಪ್ರಶ್ನೆ ನ್ಯಾಯವಾದದ್ದು. ಕೊಡುವುದು ಕೈಯಲ್ಲಿರುವುದನ್ನು. ಜಾಮೀನು ನಿಲ್ಲುವುದು ಇನ್ನೊಬ್ಬನ ನಾಳೆಗೆ ಮಾತು ಕೊಡುವುದು. ಅದೇ ಅಧ್ಯಾಯದ 35ನೇ ವಚನದಂತೆ ತಿರುಗಿ ಬಾರದಿದ್ದರೂ ಸರಿ ಎನ್ನುವಷ್ಟನ್ನು ಲೆಕ್ಕ ಹಾಕಿ, ಅಷ್ಟನ್ನೇ ಕೊಡಿ, ಅದನ್ನು ಕೊಡುಗೆ ಎಂದೇ ಹೇಳಿ ಕೊಡಿ. ತಮ್ಮನ ಮಗುವಿನ ಶಾಲಾ ಶುಲ್ಕವಾದರೆ ನೇರ ಶಾಲೆಗೇ ಕಟ್ಟಿ.

ಮುಂದಿನ ಕೆಲಸ ಲೆಕ್ಕ ಬರೆಯುವುದು. ಕ್ರೈಸ್ತರು ಇದಕ್ಕೆ ಹಿಂಜರಿಯುತ್ತಾರೆ, ಪ್ರೀತಿ ಅಪಕಾರವನ್ನು ಎಣಿಸುವುದಿಲ್ಲವಲ್ಲ ಎನ್ನುತ್ತಾರೆ. ಆದರೆ ಮತ್ತಾಯ 18ರಲ್ಲಿ ಯೇಸು ಹೇಳಿದ ಒಂದು ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಇದೆ: ಅರಸನೊಬ್ಬ ತನ್ನ ಆಳಿನ ಸಾಲ ಮನ್ನಾ ಮಾಡುತ್ತಾನೆ, ಆ ಆಳು ತನಗೆ ಸಾಲ ಕೊಡಬೇಕಾದ ಜೊತೆಯಾಳನ್ನು ಮಾತ್ರ ಬಿಡುವುದಿಲ್ಲ. ಅಲ್ಲಿ ಅರಸ ಮೊದಲು ಮಾಡುವುದೇ ಲೆಕ್ಕ ತೆಗೆಸುವುದು, ಮನ್ನಾ ಆಮೇಲೆ. ಎಷ್ಟೆಂದು ಗೊತ್ತಿಲ್ಲದ ಸಾಲವನ್ನು ಮನ್ನಾ ಮಾಡಿದರೆ ಅದು ಒಳಗೊಳಗೇ ಬೆಳೆಯುತ್ತದೆ. ಅಲ್ಲಿನ ಅಂಕಿಗಳನ್ನೂ ನೋಡಬೇಕು. ದಿನಾರಿ ಎಂದರೆ ಒಂದು ದಿನದ ಕೂಲಿ (ಮತ್ತಾಯ 20:2), ತಲಾಂತು ಎಂದರೆ ಸುಮಾರು 6,000 ದಿನಾರಿ. ಆ ಆಳಿಗೆ ಮನ್ನಾ ಆದದ್ದು 10,000 ತಲಾಂತು, ಅಂದರೆ ಆರು ಕೋಟಿ ದಿನದ ಕೂಲಿ. ಅವನಿಗೆ ಜೊತೆಯಾಳಿನಿಂದ ಬರಬೇಕಿದ್ದದ್ದು 100 ದಿನಾರಿ. ಬೋಧನೆಗಳಲ್ಲಿ ಈ ನೂರನ್ನು ಚಿಲ್ಲರೆ ಎಂದುಬಿಡುತ್ತಾರೆ. ಅದು ಮೂರು ತಿಂಗಳಿಗೂ ಮೀರಿದ ದುಡಿಮೆ! ನಿಮ್ಮ ನಷ್ಟ ಸಣ್ಣದೆಂದು ಯೇಸು ಹೇಳುತ್ತಿಲ್ಲ. ನಿಮಗೆ ಮನ್ನಾ ಆದದ್ದು ಅದಕ್ಕಿಂತ ದೊಡ್ಡದು ಎನ್ನುತ್ತಿದ್ದಾನೆ.

ಇದನ್ನು ಕೇಳಿದ ಮೇಲೆಯೇ ಅವರು ಬರೆಯಲು ಒಪ್ಪಿದರು. ಒಂದು ಹಾಳೆ, ಮೂರು ಭಾಗ. ಹಣದ ಭಾಗದಲ್ಲಿ: ಮೊದಲ ಸಾಲ ಐದು ತಿಂಗಳ ಸಂಬಳ, ಎರಡನೆಯದು ಒಂಬತ್ತು. ಮಾತಿನ ಭಾಗದಲ್ಲಿ: ನೆಂಟರೆದುರು "ನಿನಗೇನು ಕಡಿಮೆ, ಕಟ್ಟು" ಅಂದದ್ದು. ಮೂರನೆಯದು ಕ್ಷಮಿಸುವ ಹಕ್ಕು ತಮಗಿಲ್ಲದ್ದು, ತಾಯಿಯ ಒಡವೆ ಅಡವಿಟ್ಟದ್ದು. ಅದನ್ನು ಕ್ಷಮಿಸುವ ಹಕ್ಕು ತಾಯಿಯದು. ಇಷ್ಟು ದಿನ ಅದನ್ನೂ ಇವರೇ ಹೊತ್ತಿದ್ದರು.

ಮೊದಲ ಸಾಲವನ್ನು ಪೂರ್ತಿ ಬಿಡುವುದು, ಎರಡನೆಯದನ್ನು ತೀರಿಸು ಎನ್ನುವುದು ಎಂದು ನಿರ್ಧಾರವಾಯಿತು. ವಾಪಸ್ ಕೇಳಿದರೆ ಕ್ಷಮೆ ಕೆಡುವುದಿಲ್ಲ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆಂದು ಸುಂಕದವನಾದ (ತೆರಿಗೆ ವಸೂಲಿಗಾರ) ಜಕ್ಕಾಯ ನಿಂತು ಹೇಳಿದಾಗ ಯೇಸು ಬೇಡ ಅನ್ನಲಿಲ್ಲ, ಈ ಮನೆಗೆ ರಕ್ಷಣೆಯಾಯಿತು ಅಂದನು (ಲೂಕ 19:8-9).

ಪ್ರಭುಭೋಜನದ ವಿಷಯ ಬೇಗ ಮುಗಿಯಿತು. ಮತ್ತಾಯ 5:23-24ರಂತೆ ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಹೋಗಬೇಕಾದವನು, ಯಾರ ಮೇಲೆ ಸಹೋದರನಿಗೆ ದೂರು ಇದೆಯೋ ಅವನು. ದೂರು ಇರುವವರಿಗೆ ಮಾರ್ಕ 11:25 ಇದೆ, ಪ್ರಾರ್ಥನೆಗೆ ನಿಂತಲ್ಲೇ ಕ್ಷಮಿಸಿ ಎನ್ನುತ್ತದೆ. ಅವರು ತಿರುಗುಮುರುಗಾಗಿ ಓದಿ ತಮಗೇ ಶಿಕ್ಷೆ ಕೊಟ್ಟುಕೊಂಡಿದ್ದರು.

ಆಮೇಲೆ ಮತ್ತಾಯ 18:15-17ರ ಕ್ರಮ: ತಪ್ಪು ಮಾಡಿದವನ ಜೊತೆ ಒಬ್ಬರೇ ಮಾತಾಡುವುದು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ, ಆಗಲೂ ಕೇಳದಿದ್ದರೆ ಸಭೆಗೆ ಹೇಳುವುದು. ಮೊದಲು ಇಬ್ಬರೇ. ಎದುರೆದುರು ಕೂತು, ಒಂದೇ ವಿಷಯ, ಅರ್ಧ ಗಂಟೆಗೆ ಮೀರದೆ. ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರೆದರೆ ಮೊದಲ ಎರಡು ಹೆಜ್ಜೆ ಹಾರಿ ಮೂರನೆಯದಕ್ಕೆ ಕಾಲಿಟ್ಟಂತೆ. ಮಾನ ಹೋದವನು ತಪ್ಪೊಪ್ಪುವುದಿಲ್ಲ. "ನೀನು ಯಾವಾಗಲೂ ಹೀಗೇ" ಎಂದು ಶುರು ಮಾಡಿದರೂ ಕೆಟ್ಟಿತು. "ನಿನ್ನನ್ನು ಕ್ಷಮಿಸಿದ್ದೇನೆ" ಎಂದು ಮೊದಲೇ ಘೋಷಿಸಿದರೂ ಕಷ್ಟ, ತಪ್ಪನ್ನೇ ಒಪ್ಪದವನಿಗೆ ಅದು ಬೈಗುಳದಂತೆ ಕೇಳಿಸುತ್ತದೆ. ಹೇಳಬೇಕಾದ್ದನ್ನು ಬರೆದು ಅಭ್ಯಾಸ ಮಾಡಿಸಲಾಯಿತು: "ನೋಡಪ್ಪ, ಮೊದಲ ಸಾಲದ ದುಡ್ಡು ನಾನು ಬಿಟ್ಟೆ, ಇನ್ನು ಕೇಳಲ್ಲ. ಎರಡನೇದು ತಿಂಗಳಿಗೆ ಇಷ್ಟು ಅಂತ ಕೊಡು. ಮೂರನೇದಕ್ಕೆ ಸಹಿ ಹಾಕಲ್ಲ. ನೀನು ನನ್ನ ತಮ್ಮನೇ, ಅದರಲ್ಲಿ ಬದಲಿಲ್ಲ."

ಒಂದು ಎಚ್ಚರಿಕೆ. ಹೊಡೆತ, ಬೆದರಿಕೆ, ಲೈಂಗಿಕ ದೌರ್ಜನ್ಯ ಇದ್ದಲ್ಲಿ ಒಬ್ಬರೇ ಹೋಗಿ ಮಾತಾಡಿ ಎಂದು ಯಾರಿಗೂ ಹೇಳಬಾರದು. ಅಲ್ಲಿ ಮೊದಲು ಸುರಕ್ಷತೆ ಮತ್ತು ಕಾನೂನು.

ತಮ್ಮನು ಹತ್ತು ನಿಮಿಷಕ್ಕೇ ಎದ್ದುಹೋದ. ಎರಡನೆಯ ಹೆಜ್ಜೆಗೆ ಸೋದರಮಾವ ಬಂದರು. ಸಾಕ್ಷಿಯಾಗುವವರು ಇಬ್ಬರ ಮಾತನ್ನೂ ಕೇಳುವವರಾಗಿರಬೇಕು. ಸಹಿ ಹಾಕೆಂದು ಒತ್ತಾಯಿಸಿದ ಹಿರಿಯರು ಆಗಲೇ ಒಂದು ಪಕ್ಷ ಹಿಡಿದಿದ್ದರು, ಆದ್ದರಿಂದ ಅವರನ್ನು ಕರೆಯಲಿಲ್ಲ. ಮಾವನೆದುರು ತಮ್ಮನು ಕಂತಿಗೆ ಒಪ್ಪಿದ. ಮೂರು ಕಂತು ಬಂದಿವೆ, ನಾಲ್ಕನೆಯದು ತಡವಾಗಿದೆ, ಇವರಿಗೆ ಹಳೆಯ ಸಿಟ್ಟು ಮರಳಿದೆ.

ಸಿಟ್ಟು ಮರಳಿತೆಂದರೆ ಕ್ಷಮಿಸಿದ್ದು ಸುಳ್ಳೆಂದಲ್ಲ. ಏಳೆಪ್ಪತ್ತರಲ್ಲಿ ಬಹುಪಾಲು ಒಂದೇ ತಪ್ಪಿನ ನೆನಪಿಗೇ ಖರ್ಚಾಗುತ್ತದೆ. ನೆನಪು ಬಂದಾಗ ಎರಡು ಸಾಲಿನ ಪ್ರಾರ್ಥನೆ ಸಾಕು: "ಕರ್ತನೇ, ಇದನ್ನು ಬಿಟ್ಟಿದ್ದೇನೆ. ಮತ್ತೆ ಬಿಡುತ್ತೇನೆ." ಉದ್ದ ಮಾಡಿದರೆ ಪ್ರಾರ್ಥನೆಯೇ ದೂರಿನ ಪಟ್ಟಿಯಾಗುತ್ತದೆ. ನಿದ್ದೆಯಿಲ್ಲದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರ ದಾಟಿದರೆ ವೈದ್ಯರನ್ನು ಕಾಣಬೇಕು, ಅದು ವಿಶ್ವಾಸದ ಕೊರತೆಯಲ್ಲ.

ಕಂತು ತಪ್ಪಿದರೆ ಇವರು ಫೋನ್ ಮಾಡುವುದು ಬೇಡ, ಮಾವ ಕೇಳಲಿ. ಸತತ ಎರಡು ತಪ್ಪಿದರೆ ಸಭಾಪಾಲಕರ ಬಳಿ ಖಾಸಗಿಯಾಗಿ ಮಾತಾಡಿ, ಸಭೆಗೆ ಹೇಳುವ ಮೂರನೆಯ ಹೆಜ್ಜೆ ಹೇಗೆಂದು ಕೇಳಬೇಕು. ಅಲ್ಲಿಯೂ ಕೇಳದಿದ್ದರೆ ಅವನು ನಿನಗೆ ಸುಂಕದವನಂತಿರಲಿ, ಅಂದರೆ ಅಂದಿನ ಜನ ದೂರವಿಟ್ಟವರಂತಿರಲಿ, ಎಂದಿದ್ದಾನೆ ಯೇಸು. ಸುಂಕದವರ ಜೊತೆ ಕೂತು ಉಂಡವನೂ ಅವನೇ (ಮತ್ತಾಯ 9:10). ಹಾಗಾಗಿ ತಮ್ಮನು ಮನೆಗೆ ಬಂದರೆ ಊಟಕ್ಕೆ ಕೂರಿಸಿ. ಕಾಗದಪತ್ರ ತಂದಿದ್ದರೆ ಅದನ್ನು ಬಿಚ್ಚುವುದು ಬೇಡ.