ಭಾವನ ಡ್ರೋನೂ ಕಡಲ ಹದ್ದಿನ ಮರಿಯೂ

ಪ್ರಶ್ನೆ: ಕಡಲ ಹದ್ದಿನ ಗೂಡು ಕಾಯುವ ದಿನಗೂಲಿ ವಾಚರ್ ನಾನು. ವಯಸ್ಸು 26. ಡಿಸೆಂಬರಿನಿಂದ ಮೇ ತನಕ ಕೆಲಸ. ಕಳೆದ ವಾರ ಅಕ್ಕನ ಗಂಡ, ಮದುವೆ ವೀಡಿಯೊ ಮಾಡುವವರು, ಡ್ರೋನ್ ತಂದು ಗೂಡಿನ ನೆತ್ತಿಯ ಮೇಲೆಯೇ ಹಾರಿಸಿದರು. ಹಕ್ಕಿ ಎದ್ದು ಹೋದದ್ದು ಮರಳಿ ಬರುವಾಗ ಅರ್ಧ ಗಂಟೆ ದಾಟಿತ್ತು. ಮರಿಗೆ ಮೂರು ವಾರ ಇರಬಹುದು. ನಾನು ಬಾಯಿ ಬಿಡಲಿಲ್ಲ, ಡೈರಿಯಲ್ಲೂ ಬರೆಯಲಿಲ್ಲ. ಬರುವ ಆದಿತ್ಯವಾರ ಮಂಗಳೂರಿನ ಗೆಳೆಯರನ್ನೂ ಕರೆತರುತ್ತಾರಂತೆ. "ಕುಂಬಳೆ ಬೆಡಿಯ ಸಿಡಿಮದ್ದಿಗೆ ಏಳದ ಹಕ್ಕಿ ಹಿಡಿಯಷ್ಟು ಡ್ರೋನಿಗೆ ಹೆದರುತ್ತದಾ?" ಎಂದು ಭಾವ ನಗುತ್ತಾರೆ. "ಮೇಯಲ್ಲಿ ಮುಗಿಯುವ ಕೆಲಸಕ್ಕೆ ಸಂಬಂಧ ಕೆಡಿಸಬೇಡ" ಎಂದು ಅಕ್ಕ. ಏನು ಮಾಡಲಿ?
ಕುಂಬಳೆ ಕಡೆಯ ಓದುಗ

ಉತ್ತರ: ನಿಮ್ಮ ಪತ್ರದಲ್ಲಿ ಗೂಡಿರುವ ಹಿತ್ತಿಲಿನ ಮನೆಯ ಹೆಸರು, ಮರದ ಗುರುತು ಎರಡೂ ಇದ್ದವು. ಎರಡನ್ನೂ ತೆಗೆದಿದ್ದೇವೆ. ಇನ್ನು ಮುಂದೆ ಯಾರಿಗೂ ಬರೆಯಬೇಡಿ, ನಮಗೂ.

ಭಾವನ ಪ್ರಶ್ನೆಗೆ ಮೊದಲು ಉತ್ತರ ಬೇಕು, ಏಕೆಂದರೆ ನೀವು ಸುಮ್ಮನಾದದ್ದು ಅಲ್ಲಿಯೇ. ಬೆಡಿ ಸಿಡಿಯುವುದು ಗೂಡಿನಿಂದ ಎಷ್ಟೋ ದೂರದಲ್ಲಿ. ಬರೀ ಸದ್ದಿಗೆ, ಅದೂ ದೂರದ ಸದ್ದಿಗೆ, ಕಾವಿಗೆ ಕುಳಿತ ಹಕ್ಕಿ ಹೊಂದಿಕೊಳ್ಳುತ್ತದೆ. ಕೆಳಗೆ ದಿನಾ ಓಡಾಡುವ ಮನೆಯವರಿಗೂ, ಕಳ್ಳು ಇಳಿಸಲು ಪಕ್ಕದ ತೆಂಗಿಗೆ ಏರುವ ಮೂರ್ತೆಯವನಿಗೂ ಅಷ್ಟೇ. ಆದರೆ ಮೇಲಿನಿಂದ ಬಂದು ನೆತ್ತಿಯ ಮೇಲೆ ನಿಲ್ಲುವ ವಸ್ತು ಅದರ ಲೆಕ್ಕದಲ್ಲಿ ಗೂಡಿಗೆ ನುಗ್ಗುವ ಇನ್ನೊಂದು ಹದ್ದು. ಅದನ್ನು ಓಡಿಸಲು ಏಳಲೇಬೇಕು. ಕೆಲವೊಮ್ಮೆ ಡ್ರೋನಿಗೆ ಕಾಲು ಹಾಕಿ ರೆಕ್ಕೆ, ಉಗುರು ಗಾಯ ಮಾಡಿಕೊಳ್ಳುವುದೂ ಉಂಟು. ಹಕ್ಕಿ ಎದ್ದ ಅರ್ಧ ಗಂಟೆಯಲ್ಲಿ ಮರಿಗೆ ಎರಡು ಅಪಾಯ, ಬಿಸಿಲು ಮತ್ತು ಕಾಗೆ. ತುಪ್ಪುಳದ ಮರಿಗೆ ಮೈಶಾಖ ತಡೆದುಕೊಳ್ಳುವ ಶಕ್ತಿ ಇನ್ನೂ ಪೂರ್ತಿ ಬಂದಿರುವುದಿಲ್ಲ. ತಾಯಿಯ ರೆಕ್ಕೆಯ ನೆರಳೇ ಅದಕ್ಕೆ ಸೂರು. ಕಾಗೆಗಳಂತೂ ಗೂಡು ಖಾಲಿಯಾಗುವುದನ್ನೇ ಕಾಯುತ್ತಿರುತ್ತವೆ.

ಇದರ ಹಿಂದೆ ಎಷ್ಟು ದಿನ ಖರ್ಚಾಗಿದೆ ನೋಡಿ. ಕಡಲ ಹದ್ದು ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ, ಉಳಿಯುವುದು ಹೆಚ್ಚಾಗಿ ಒಂದೇ ಮರಿ. ಕಾವು ಸುಮಾರು ಆರು ವಾರ, ಮರಿ ಹಾರಲು ಮತ್ತೆ 70ರಿಂದ 80 ದಿನ. ಕೆಟ್ಟರೆ ಆ ವರ್ಷವೇ ಹೋದಂತೆ. ಕೊನೆಯ ಎರಡು ವಾರವೂ ಮೊದಲಿನಷ್ಟೇ ಸೂಕ್ಷ್ಮ: ರೆಕ್ಕೆ ಬಲಿಯದ ಮರಿ ಬೆದರಿ ಹಾರಿದರೆ ನೇರ ನೆಲಕ್ಕೆ. ಹಾಗಾಗಿ "ಮರಿ ದೊಡ್ಡದಾಗಲಿ, ಆಮೇಲೆ ಡ್ರೋನ್ ಹಾರಿಸಿ" ಎಂದು ಭಾವನಿಗೆ ಮಾತು ಕೊಡಬೇಡಿ.

ಇವತ್ತೇ ಡೈರಿ ತೆರೆಯಿರಿ. ಹಿಂದಿನ ಪುಟದಲ್ಲಿ ತುರುಕಬೇಡಿ. ಇವತ್ತಿನ ದಿನಾಂಕ ಹಾಕಿ, "ಇಂಥ ದಿನದ ಘಟನೆ, ತಡವಾಗಿ ಬರೆದದ್ದು" ಎಂದೇ ಬರೆಯಿರಿ. ಡ್ರೋನ್ ಏರಿದ ಹೊತ್ತು, ಗೂಡಿನಿಂದ ಅಂದಾಜು ಎಷ್ಟು ಮೀಟರ್, ಹಕ್ಕಿ ಎದ್ದ ಹೊತ್ತು, ಮರಳಿದ ಹೊತ್ತು, ಕಾಗೆ ಬಂತೇ, ಮೊದಲ ಮೀನು ತಂದದ್ದು ಯಾವಾಗ. ನಿಮಿಷ ಸರಿಯಾಗಿ ನೆನಪಿಲ್ಲದಿದ್ದರೆ ಅಂದಾಜು ಎಂದು ಬರೆಯಿರಿ. ನಾಳೆ ಮರಿ ಸತ್ತರೆ ಕಾರಣ ಹುಡುಕುವವರಿಗೆ ಆ ಖಾಲಿ ಪುಟ ದಾರಿ ತಪ್ಪಿಸುತ್ತದೆ. ವಿಷಯ ಬೇರೆಯವರ ಬಾಯಿಂದ ಹೋದರೆ ಸಿಕ್ಕಿಬೀಳುವುದು ನೀವು. ಬೀಟ್ ಫಾರೆಸ್ಟ್ ಆಫೀಸರಿಗೆ ನೀವೇ ಹೋಗಿ ಹೇಳಿ, ಹೆಸರು ಕೇಳಿದರೆ ಹೆಸರನ್ನೂ. ಬೈಗುಳ ಸಿಗಬಹುದು, ಕೆಲಸಕ್ಕೇ ಕುತ್ತು ಬರಲೂಬಹುದು. ಆದರೂ ಮುಚ್ಚಿಟ್ಟ ವಾಚರನಿಗಿಂತ ತಡವಾಗಿ ಹೇಳಿದ ವಾಚರ್ ಮೇಲು. ಆದಿತ್ಯವಾರ ನಿಮ್ಮ ಜತೆ ಇನ್ನೊಬ್ಬರನ್ನು ಹಾಕಲು ಅಲ್ಲೇ ಕೇಳಿ. ರಜೆ ಕೇಳಬೇಡಿ, ಅದು ಜಾರಿಕೊಂಡಂತೆ.

ಅದೇ ಸಂಜೆ ಭಾವನ ಮನೆಗೆ ಹೋಗಿ. ಫೋನ್ ಬೇಡ, ಅಕ್ಕನ ಕೈಯಲ್ಲಿ ಹೇಳಿಸುವುದೂ ಬೇಡ, ಗೆಳೆಯರ ಎದುರಂತೂ ಬೇಡವೇ ಬೇಡ. ಮಾತು ಚಿಕ್ಕದಿರಲಿ: "ಭಾವ, ಮೊನ್ನೆ ನಾನು ತಡೆಯಬೇಕಿತ್ತು, ತಡೆಯಲಿಲ್ಲ, ತಪ್ಪು ನನ್ನದೂ ಹೌದು. ಈಗ ಬರೆದು ಕೊಟ್ಟಿದ್ದೇನೆ. ಇನ್ನೊಮ್ಮೆ ಡ್ರೋನ್ ಏರಿದರೆ ನಾನು ಆಫೀಸಿಗೆ ಫೋನ್ ಮಾಡಲೇಬೇಕು." 250 ಗ್ರಾಂ ಮೀರದ ಡ್ರೋನಿಗೆ ಲೈಸೆನ್ಸ್ ಬೇಡ ಎಂದು ಅವರು ಹೇಳಿಯಾರು. ನಿಜವೇ, ಆದರೆ ಅದು 2021ರ ಡ್ರೋನ್ ನಿಯಮದ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ "ಬೇಟೆ" ಎಂಬುದರ ಅರ್ಥದೊಳಗೆ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಕಡಲ ಹದ್ದು ಅದರ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಹಕ್ಕಿ. ಶಿಕ್ಷೆ 3ರಿಂದ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಖಾಸಗಿ ಹಿತ್ತಿಲಾದರೂ ಅಷ್ಟೇ. ಇದನ್ನು ಬೆದರಿಕೆಯ ದನಿಯಲ್ಲಿ ಹೇಳಬೇಡಿ, ಅವರಿಗೆ ಗೊತ್ತಿರಲಿಕ್ಕಿಲ್ಲ. ತೆಗೆದ ವೀಡಿಯೊವನ್ನು ಎಲ್ಲಿಯೂ ಹಾಕದಿರಲು ಹೇಳಿ. ಲೊಕೇಶನ್ ಅಳಿಸಿದರೂ ಹಿಂದೆ ಕಾಣುವ ಮೊಬೈಲ್ ಟವರ್, ನೀರಿನ ಟ್ಯಾಂಕಿ ಊರನ್ನು ಹೇಳಿಬಿಡುತ್ತವೆ.

ಬರಿಗೈಯಲ್ಲಿ ಕಳಿಸಲು ಮನಸ್ಸಾಗದಿದ್ದರೆ, ಮೇಲಿನವರು ಒಪ್ಪಿದರೆ, ಮರಿ ಗರಿ ಕಟ್ಟಿ ಎದ್ದು ನಿಲ್ಲುವ ಹೊತ್ತಿಗೆ, ಅಂದರೆ ಏಳನೆಯ ವಾರದ ಸುಮಾರಿಗೆ, ಭಾವನೊಬ್ಬರನ್ನೇ ಕರೆಯಿರಿ. ಗೂಡಿನಿಂದ 200 ಮೀಟರ್ ಆಚೆ ತೆಂಗಿನ ಮಡಲಿನ ಮರೆ ಕಟ್ಟಿ, 60 ಮಿ.ಮೀ. ಸ್ಪಾಟಿಂಗ್ ಸ್ಕೋಪಿನ (ಹಕ್ಕಿ ನೋಡುವ ದೂರದರ್ಶಕ) ಕಣ್ಣಿಗೆ ಫೋನ್ ಹಿಡಿದರೆ ವೀಡಿಯೊ ಚೆನ್ನಾಗಿಯೇ ಬರುತ್ತದೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಬಿಸಿಲೇರಿದ ಮೇಲೆ ಗಾಳಿ ಕುದಿದು ಚಿತ್ರ ಅಲುಗುತ್ತದೆ. ಗೂಡಿಗೆ ನೇರ ಮುಖ ಮಾಡಿ ನಡೆಯದೆ ಓರೆಯಾಗಿ ಹೋಗಿ. ಹಕ್ಕಿಗೆ ನಡೆಯುವವನಿಗಿಂತ ನಿಂತು ದಿಟ್ಟಿಸುವವನೇ ಹೆಚ್ಚು ಭಯ. ಕತ್ತು ಚಾಚಿ ರೆಕ್ಕೆ ಸಡಿಲಿಸಿದರೆ ಹಿಂದೆ ಸರಿಯಿರಿ. ಬಾತಿನಂತೆ "ಕಾಂಕ್ ಕಾಂಕ್" ಕೂಗುತ್ತ ಮೇಲೆ ಸುತ್ತಿದರೆ ನೀವೂ ಸೇರಿ ಎಲ್ಲರೂ ಜಾಗ ಬಿಡಿ. ಗಡಿ ತೋರಿಸಲು ಬೋರ್ಡು ಹಾಕಬೇಡಿ, ಅದೇ ಜಾಹೀರಾತಾಗುತ್ತದೆ; ನಿಮಗಷ್ಟೇ ಗೊತ್ತಿರುವಂತೆ ಎರಡು ತೆಂಗಿಗೆ ಸುಣ್ಣದ ಪಟ್ಟಿ ಸಾಕು.

ಇಷ್ಟಾದರೂ ಆದಿತ್ಯವಾರ ಬಂದರೆ? ರಿಮೋಟಿಗೆ ಕೈ ಹಾಕಬೇಡಿ, ಕಲ್ಲು ಹೊಡೆಯಬೇಡಿ, ಮರದಡಿ ಜಗಳವೂ ಬೇಡ, ಅದೂ ಗೂಡಿಗೆ ತೊಂದರೆಯೇ. ಡ್ರೋನನ್ನು ಗೂಡಿನಿಂದ ದೂರಕ್ಕೆ ತಿರುಗಿಸಿ ಇಳಿಸಲು ಒಮ್ಮೆ ಹೇಳಿ, ಗಾಡಿ ನಂಬರ್ ಬರೆದುಕೊಳ್ಳಿ, ಆಫೀಸಿಗೆ ಫೋನ್ ಮಾಡಿ, ಹಿತ್ತಿಲಿನ ಯಜಮಾನರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಆ ಯಜಮಾನರ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಅಂಗಳದಲ್ಲಿ ಮೀನಿನ ಮುಳ್ಳು, ಹಾವಿನ ತುಂಡು ಬಿದ್ದು ನಾರುತ್ತದೆಂದು ಗೊಣಗುತ್ತಾರೆಂದು. 2023ರಲ್ಲಿ ಕಡಲ ಹದ್ದನ್ನು ಕಾಸರಗೋಡು ಜಿಲ್ಲೆಯ ಹಕ್ಕಿಯೆಂದು ಘೋಷಿಸಿದ್ದು ಅವರ ಮೂಗಿಗೆ ಗೊತ್ತಿಲ್ಲವಲ್ಲ! ಹಕ್ಕಿ ಸಾಮಾನ್ಯವಾಗಿ ಅದೇ ಗೂಡಿಗೆ ಕಡ್ಡಿ ಸೇರಿಸಿ ವರ್ಷ ವರ್ಷ ಬರುತ್ತದೆ. ಮರ ಉಳಿಯುವುದು ಅವರ ಮನಸ್ಸಿನಲ್ಲಿ. ದಿನಾ ಒಂದೇ ಹೊತ್ತಿಗೆ, ಮೇಲೆ ನೋಡದೆ, ಆ ಮುಳ್ಳು, ತುಂಡುಗಳನ್ನು ಗುಡಿಸಿ ಹೂಳಿ. ಹೂಳುವ ಮೊದಲು ಯಾವ ಮೀನು, ಎಷ್ಟು ಎಂದು ಡೈರಿಗೆ ಬರೆಯಿರಿ.

ಅಕ್ಕನ ಹೆದರಿಕೆ ಸುಳ್ಳಲ್ಲ. ಭಾವ ಎರಡು ತಿಂಗಳು ಮುಖ ತಿರುಗಿಸಬಹುದು. ಆ ಎರಡು ತಿಂಗಳು ನೀವು ಅವರ ಮನೆಗೆ ಹೋಗುವುದನ್ನು ನಿಲ್ಲಿಸಬೇಡಿ.