ಊಟದ ನಂತರದ ಉಬ್ಬರ ಮತ್ತು ಎಡಪಕ್ಕೆಯ ನೋವು

ಪ್ರಶ್ನೆ: ನಾನು 48 ವರ್ಷದ ಮಹಿಳೆ, ಸಕ್ಕರೆ ಕಾಯಿಲೆ ಇದೆ. ಕೆಲವು ತಿಂಗಳುಗಳಿಂದ ಊಟವಾದ ಒಂದೆರಡು ಗಂಟೆಗೆ ಹೊಟ್ಟೆ ಉಬ್ಬರಿಸಿ ಎಡಪಕ್ಕೆಯ ಕೆಳಗೆ ಹಿಡಿದುಕೊಂಡಂತಾಗುತ್ತದೆ. ವಾಯು ಸರಿದರೆ ನೋವು ಇಳಿಯುತ್ತದೆ. ಅವರೆಕಾಳಿನ ಕಾಲದಲ್ಲಂತೂ ಹೇಳತೀರದು. ನಿಂಬೆ ಸೋಡಾ ಕುಡಿದರೆ ತೇಗು ಬರುತ್ತದೆ, ಆದರೆ ನೋವು ಹೋಗುವುದಿಲ್ಲ. ಊಟದ ಮೊದಲ ತುತ್ತಿನೊಂದಿಗೆ ನುಂಗಲು ವೋಗ್ಲಿಬೋಸ್ ಮಾತ್ರೆಯನ್ನು ವೈದ್ಯರು ಅದೇ ಸುಮಾರಿಗೆ ಹೊಸದಾಗಿ ಕೊಟ್ಟಿದ್ದರು. ಪರಿಹಾರ ತಿಳಿಸಿ.
– ಹೆಸರು ಬೇಡ, ತುಮಕೂರು

ಉತ್ತರ: ನೀವು ಕೊನೆಯಲ್ಲಿ ಬರೆದಿರುವ ಮಾತ್ರೆಯ ವಿಷಯವೇ ಇಲ್ಲಿ ಮುಖ್ಯವಾದದ್ದು. ವೋಗ್ಲಿಬೋಸ್, ಅಕಾರ್ಬೋಸ್ ಮುಂತಾದ ಮಾತ್ರೆಗಳು ಅನ್ನ, ಮುದ್ದೆ, ಚಪಾತಿಗಳಲ್ಲಿರುವ ಪಿಷ್ಟವು ಸಣ್ಣ ಕರುಳಿನಲ್ಲಿ ಬೇಗ ಒಡೆಯದಂತೆ ತಡೆದು, ಊಟದ ನಂತರ ರಕ್ತದ ಸಕ್ಕರೆ ಒಮ್ಮೆಲೇ ಏರದಂತೆ ನೋಡಿಕೊಳ್ಳುತ್ತವೆ. ಹಾಗೆ ಜೀರ್ಣವಾಗದೆ ಉಳಿದ ಭಾಗವು ದೊಡ್ಡ ಕರುಳನ್ನು ಸೇರಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಅನಿಲವಾಗುತ್ತದೆ. ನಿಮ್ಮ ಜೀರ್ಣಶಕ್ತಿ ಕುಂದಿದೆಯೆಂದು ಚಿಂತಿಸಬೇಕಿಲ್ಲ. ಮಾತ್ರೆಯು ಕೆಲಸ ಮಾಡುವ ರೀತಿಯಿಂದಲೇ ಈ ಉಬ್ಬರ ಬಂದಿರುವ ಸಾಧ್ಯತೆ ಹೆಚ್ಚು. ಅನೇಕರಲ್ಲಿ ಇದು ಕೆಲವು ವಾರಗಳಲ್ಲಿ ತಗ್ಗುತ್ತದೆ. ನಿಮಗೆ ತಗ್ಗಿಲ್ಲವಾದ್ದರಿಂದ, ಪ್ರಮಾಣವನ್ನು ಇಳಿಸಬಹುದೇ ಅಥವಾ ಬೇರೆ ಮಾತ್ರೆ ಕೊಡಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯೂ ಕೆಲವರಲ್ಲಿ ಉಬ್ಬರ ತರುತ್ತದೆ.

ಅವರೆಯ ತೊಂದರೆಯೂ ಇದೇ ಜಾತಿಯದು. ಕಾಳುಗಳಲ್ಲಿರುವ ರಾಫಿನೋಸ್ ಗುಂಪಿನ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯರ ಸಣ್ಣ ಕರುಳಿನಲ್ಲಿಲ್ಲ. ಆದ್ದರಿಂದ ಅವರೆ ಸಾರಿನ ದಿನ ನಿಮ್ಮ ದೊಡ್ಡ ಕರುಳಿಗೆ ಎರಡು ಕಡೆಯ ಹೊರೆ ಬೀಳುತ್ತದೆ. ಒಣಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿದರೆ ಈ ಸಕ್ಕರೆಗಳು ಸ್ವಲ್ಪ ಕಡಿಮೆಯಾಗುತ್ತವೆ. ಹಿತಕಿದ ಬೇಳೆಯಲ್ಲಿ ಸಿಪ್ಪೆಯ ನಾರು ಇರುವುದಿಲ್ಲವಾದರೂ ರಾಫಿನೋಸ್ ಪೂರ್ತಿ ಹೋಗಿರುವುದಿಲ್ಲ, ಬಟ್ಟಲು ಚಿಕ್ಕದಾಗಿರಲಿ.

ನೋವು ಬಂದಾಗ ಮಲಗಿಬಿಡುವುದಕ್ಕಿಂತ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಡೆಯುವುದು ಒಳ್ಳೆಯದು. ದೊಡ್ಡ ಕರುಳು ಎಡಪಕ್ಕೆಲುಬಿನ ಅಡಿಯಲ್ಲಿ ಕೆಳಕ್ಕೆ ತಿರುಗುವ ಬಾಗಿನಲ್ಲಿ ಅನಿಲ ಸಿಕ್ಕಿಕೊಂಡಾಗ ನೀವು ವಿವರಿಸಿದಂಥ ನೋವು ಬರುತ್ತದೆ. ಅಂಗಾತ ಮಲಗಿ ಎರಡೂ ಮೊಣಕಾಲುಗಳನ್ನು ಎದೆಯತ್ತ ಎಳೆದುಕೊಂಡು ಕೆಲವು ಉಸಿರಿನಷ್ಟು ಕಾಲ ಹಿಡಿದಿಡುವ ಪವನಮುಕ್ತಾಸನವನ್ನೂ ಮಾಡಬಹುದು. ಬಿಸಿನೀರಿನ ಚೀಲ ಇಡುವುದಾದರೆ ಬಟ್ಟೆ ಸುತ್ತಿ, ಬಿಸಿಯನ್ನು ಮನೆಯ ಬೇರೊಬ್ಬರಿಂದ ಪರೀಕ್ಷಿಸಿ. ಸಕ್ಕರೆ ಕಾಯಿಲೆಯಲ್ಲಿ ಚರ್ಮದ ಸಂವೇದನೆ ಕುಗ್ಗಿ ಸುಟ್ಟದ್ದು ತಿಳಿಯದಿರಬಹುದು. ಓಮದ ಅಥವಾ ಜೀರಿಗೆಯ ಕಷಾಯ ಹಿತವೆನಿಸಿದರೆ ಕುಡಿಯಿರಿ, ಬೆಲ್ಲ ಬೇಡ. ಸೋಡಾದಿಂದ ಬರುವ ತೇಗು ಬಹುಮಟ್ಟಿಗೆ ಆ ಸೋಡಾದ್ದೇ ಅನಿಲ. ಕರುಳಿನಲ್ಲಿರುವುದು ಅದರಿಂದ ಮೇಲೇರಿ ಬರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಹೃದಯಾಘಾತವು ಎದೆನೋವಿಲ್ಲದೆ ಬರೀ 'ಗ್ಯಾಸ್' ಎನ್ನಿಸುವಂತೆ ಬರಬಹುದು. ಮೆಟ್ಟಿಲು ಹತ್ತುವಾಗ ಹೊಟ್ಟೆಯ ಮೇಲ್ಭಾಗ ಅಥವಾ ಎದೆ ಬಿಗಿದರೆ, ಬೆವರು, ಏದುಸಿರು, ದವಡೆ ಅಥವಾ ತೋಳಿನ ನೋವು ಜೊತೆಗೂಡಿದರೆ, ಕಷಾಯ ಕಾಯಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಮಲ, ವಾಯು ಎರಡೂ ನಿಂತು ವಾಂತಿಯಾದರೂ ಅಷ್ಟೇ ತುರ್ತು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಾತ್ರೆ ಬದಲಾದ ಮೇಲೂ ಉಬ್ಬರ ದಿನವೂ ಉಳಿದರೆ, ಅಂಡಾಶಯವನ್ನೂ ನೋಡುವಂತೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವ ಬಗ್ಗೆ ವೈದ್ಯರೊಂದಿಗೆ ಮಾತನಾಡಿ.